ನಾಗೇಂದ್ರರಾಯರ ರಾವಣ: ಹೊಣೆ ನಮ್ಮದೇ

1934ರ ಮಾರ್ಚ್ 3ರಂದು ಬೆಂಗಳೂರು ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಮೊದಲ ಬಾರಿಗೆ ಕನ್ನಡ ಮಾತಾಡಿತು. ಚಿತ್ರ 'ಸತಿ ಸುಲೋಚನ'. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ. ನಿರ್ದೇಶಕ ವೈ.ವಿ. ರಾವ್ ತಾವೇ ಲಕ್ಷ್ಮಣನ ವೇಷ ಹಾಕಿದ್ದರು. ರಾವಣನಾಗಿ ಬಂದವರು ಹೊಳಲ್ಕೆರೆಯಲ್ಲಿ ಹುಟ್ಟಿದ ಆರ್. ನಾಗೇಂದ್ರರಾಯರು. ಆಗ ಅವರಿಗೆ ಮೂವತ್ತೇಳು ವರ್ಷ. ನಾಟಕ ಕಂಪನಿಯಲ್ಲಿ ಪಳಗಿದ ಕಂಠ, ಹಾಡೂ ಬಲ್ಲ ಗಂಟಲು. ಹಿನ್ನೆಲೆ ಗಾಯನ ಇನ್ನೂ ಬಾರದ ಕಾಲವಾದ್ದರಿಂದ ನಟನ ಬಾಯಿಂದ ಬಂದದ್ದೇ ಮೈಕಿಗೆ ಬೀಳಬೇಕಿತ್ತು.

ಆ ರಾವಣನ ಒಂದೇ ಒಂದು ಮಾತನ್ನೂ ಇವತ್ತು ಕೇಳಲು ಸಾಧ್ಯವಿಲ್ಲ. 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಸಂಭಾಷಣೆ, ಹಾಡು, ಸುಮಾರು 40 ಸಾವಿರ ರೂಪಾಯಿ ಸುರಿದು ಚಮನ್‌ಲಾಲ್ ಡುಂಗಾಜಿ ಕಟ್ಟಿಸಿದ ಲಂಕೆ, ಎಲ್ಲವೂ ಹೋಯಿತು. ನಾವು ವರ್ಷವರ್ಷವೂ ಮಾರ್ಚ್ 3 ಬಂದಾಗ "ಮೊದಲ ವಾಕ್ಚಿತ್ರದ ಪ್ರತಿ ಈಗ ಲಭ್ಯವಿಲ್ಲ" ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತೇವೆ. 'ಲಭ್ಯವಿಲ್ಲ' ಎಂಬ ಆ ಪದ ತೀರಾ ತಪ್ಪು. ಮಳೆಗೆ ಕೊಚ್ಚಿಹೋದ ಹೊಲದ ಬದುವಿನ ಬಗ್ಗೆ ಹಾಗೆ ಹೇಳಬಹುದು. ಕಾಯುವವರಿದ್ದೂ ಕಾಯದೆ ಹಾಳುಮಾಡಿದ ವಸ್ತುವಿನ ಬಗ್ಗೆ ಹಾಗೆ ಹೇಳಿದರೆ ಅದು ತಪ್ಪಿಸಿಕೊಳ್ಳುವ ಮಾತು. ಕನ್ನಡ ಚಿತ್ರರಂಗದ ಮೊದಲ ರಾವಣನನ್ನು ಕಳೆದವರು ನಾವು: ಚಿತ್ರೋದ್ಯಮ, ಸರ್ಕಾರ, ಪತ್ರಿಕೆಗಳು, ಎಲ್ಲರೂ ಸೇರಿ. ಈ ಪತ್ರಿಕೆಯ ತೀರ್ಪು ಇದು. ಕಾರಣಗಳನ್ನೂ ಕೊಡುತ್ತೇವೆ.

ಮೊದಲು ಆ ಮನುಷ್ಯ ಯಾರೆಂದು ಹೇಳಬೇಕು. ಈಗಿನ ಓದುಗರಲ್ಲಿ ಬಹಳ ಮಂದಿಗೆ ನಾಗೇಂದ್ರರಾಯರು ಹಳೆಯ ಗೀತರಚನೆಕಾರ ಆರ್.ಎನ್. ಜಯಗೋಪಾಲರ ತಂದೆ, ನಟ ಆರ್.ಎನ್. ಸುದರ್ಶನ್ ಅವರ ತಂದೆ, ಛಾಯಾಗ್ರಾಹಕ ಆರ್.ಎನ್.ಕೆ. ಪ್ರಸಾದರ ತಂದೆ. ಮಕ್ಕಳ ಹೆಸರಿನಿಂದ ತಂದೆಯನ್ನು ಗುರುತಿಸುವ ಸ್ಥಿತಿಗೆ ಬಂದಿದ್ದೇವೆ ಎಂಬುದೇ ಮರೆವಿನ ಅಳತೆ.

1896ರ ಜೂನ್ 23ರಂದು ಹುಟ್ಟಿದ ರಾಯರು ಎಳವೆಯಲ್ಲೇ ಬಣ್ಣ ಹಚ್ಚಿದವರು. ಒಬ್ಬ ಹುಡುಗ ನಾಟಕ ಕಂಪನಿ ಸೇರಿದರೆ ಆ ಕಾಲದಲ್ಲಿ ಅವನ ಶಾಲೆ, ಮನೆ, ಊಟದೆಲೆ ಎಲ್ಲ ಕಂಪನಿಯೇ. ಸ್ತ್ರೀ ಪಾತ್ರದಿಂದ ಆರಂಭಿಸಿ, ದನಿ ಒಡೆದ ಮೇಲೆ ಗಂಡು ಪಾತ್ರಕ್ಕೆ ಬಂದು, ಹಾರ್ಮೋನಿಯಂ ಶ್ರುತಿಗೆ ಗಂಟಲನ್ನು ಹೊಂದಿಸುತ್ತ ಬೆಳೆದ ಪೀಳಿಗೆ ಅದು. ಧ್ವನಿವರ್ಧಕ ಇಲ್ಲದ ಕೊಟ್ಟಿಗೆಯಂಥ ಥಿಯೇಟರಿನಲ್ಲಿ ಕೊನೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಮಾತು ಮುಟ್ಟಬೇಕು, ಮಾತಿನ ಅರ್ಥವೂ ಮುಟ್ಟಬೇಕು. ಆ ತರಬೇತಿ ಪಡೆದು ರಾಯರು 1930ರ ದಶಕದ ಆರಂಭದಲ್ಲೇ ದಕ್ಷಿಣದ ಬೇರೆ ಭಾಷೆಗಳ ವಾಕ್ಚಿತ್ರಗಳಲ್ಲಿ ನಟಿಸಿ ಬಂದಿದ್ದರು. ಕನ್ನಡದಲ್ಲಿ ಚಿತ್ರ ಮಾಡುವ ಮಾತು ಬಂದಾಗ, ಕ್ಯಾಮೆರಾದ ಮುಂದೆ ನಿಂತ ಅನುಭವವಿದ್ದ ಕೆಲವೇ ಕನ್ನಡಿಗರಲ್ಲಿ ಅವರೊಬ್ಬರು.

ಸುಬ್ಬಯ್ಯ ನಾಯ್ಡು ಮತ್ತು ನಾಗೇಂದ್ರರಾಯರ ಜೋಡಿ ಕನ್ನಡ ರಂಗಭೂಮಿಯ ದೊಡ್ಡ ಸಂಪತ್ತು. ಇಬ್ಬರೂ ಸೇರಿ ನಡೆಸಿದ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ 'ಭೂಕೈಲಾಸ' ಎಷ್ಟು ಜನಪ್ರಿಯವಾಗಿತ್ತೆಂದರೆ, 1940ರಲ್ಲಿ ಎ.ವಿ. ಮೇಯಪ್ಪನ್ ಅದನ್ನೇ ತೆಲುಗಿನಲ್ಲಿ ಚಿತ್ರ ಮಾಡಿದರು. ಆ ತೆಲುಗು ಚಿತ್ರದ ರಾವಣ ಸುಬ್ಬಯ್ಯ ನಾಯ್ಡು, ನಾರದ ನಾಗೇಂದ್ರರಾಯರು. ಕನ್ನಡದ ನಾಟಕ, ಕನ್ನಡದ ನಟರು, ಆಂಧ್ರದ ಪ್ರೇಕ್ಷಕರು! ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಕಡಿಮೆ.

ಇಲ್ಲಿ ಗಮನಿಸಬೇಕಾದ್ದು ಪಾತ್ರಗಳ ಹಂಚಿಕೆ. ಆರು ವರ್ಷ ಹಿಂದೆ ರಾವಣನಾಗಿದ್ದವರು ಈಗ ನಾರದ. ಮರುವರ್ಷ, 1941ರ 'ವಸಂತಸೇನಾ'ದಲ್ಲಿ ನಾಯ್ಡು ಅವರು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ, ರಾಯರು ಶಕಾರ. ಸಂಸ್ಕೃತ ನಾಟಕಕಾರ ಶೂದ್ರಕನ ಈ ಶಕಾರ ಸುಲಭದ ಪಾತ್ರವಲ್ಲ. ಅವನು ಕ್ರೂರಿ, ಹೇಡಿ, ಪೆದ್ದ, ರಾಜನ ಮೈದುನನೆಂಬ ಅಹಂಕಾರದ ಮುದ್ದೆ. ರಾಮಾಯಣ ಮಹಾಭಾರತಗಳನ್ನು ಕಲಸಿ ತಪ್ಪುತಪ್ಪಾಗಿ ಉದಾಹರಿಸುವವನು. ಪ್ರೇಕ್ಷಕ ನಗಬೇಕು, ಮರುಕ್ಷಣ ಹೆದರಬೇಕು. ಅದಾದ ಎರಡು ವರ್ಷಕ್ಕೆ, 1943ರ 'ಸತ್ಯ ಹರಿಶ್ಚಂದ್ರ'ದಲ್ಲಿ, ರಾಯರೇ ನಿರ್ದೇಶಿಸಿ ವಿಶ್ವಾಮಿತ್ರರಾದರು. ರಾವಣ, ನಾರದ, ಶಕಾರ, ವಿಶ್ವಾಮಿತ್ರ: ಹತ್ತು ವರ್ಷದೊಳಗೆ ನಾಲ್ಕು ಬೇರೆಬೇರೆ ಸ್ವಭಾವ. ನಾಯಕನ ಪಟ್ಟ ಗೆಳೆಯನಿಗೆ ಬಿಟ್ಟುಕೊಟ್ಟು, ಕತೆಯ ತೂಕವನ್ನು ತಾನು ಹೊರುವ ಈ ಕೆಲಸಕ್ಕೆ ನಾವು 'ಪೋಷಕ ನಟ' ಎನ್ನುತ್ತೇವೆ. ಪೋಷಿಸುವವನು ಎಂಬ ಅರ್ಥ ಆ ಪದದಲ್ಲೇ ಇದೆ. ಹರಿಶ್ಚಂದ್ರನ ಸತ್ಯ ದೊಡ್ಡದಾಗಿ ಕಾಣಬೇಕಾದರೆ ವಿಶ್ವಾಮಿತ್ರನ ಹಠ ಅಷ್ಟೇ ದೊಡ್ಡದಾಗಿರಬೇಕು. ಆ ಹಠವನ್ನು ನಟಿಸಿದವನ ಹೆಸರು ಮಾತ್ರ ಭಿತ್ತಿಪತ್ರದ ಕೆಳಗಿನ ಸಾಲಿಗೆ.

'ಸತ್ಯ ಹರಿಶ್ಚಂದ್ರ' ಮರುವರ್ಷ ತಮಿಳಿಗೆ ಡಬ್ ಆಯಿತು. ಭಾರತದಲ್ಲಿ ಹೀಗೆ ಬೇರೆ ಭಾಷೆಯ ದನಿ ತೊಟ್ಟ ಮೊದಲ ಚಿತ್ರಗಳ ಸಾಲಿನಲ್ಲಿ ಅದರ ಹೆಸರಿದೆ. ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಳ ಕಾಲ ಬೀದಿಗಿಳಿದು ಜಗಳವಾಡಿದ ನಾವು, ಕನ್ನಡ ಚಿತ್ರವೇ ಆ ಮೊದಲ ಸಾಲಿನಲ್ಲಿದ್ದ ಸಂಗತಿಯನ್ನು ಆ ಜಗಳದಲ್ಲಿ ಎಷ್ಟು ಸಲ ನೆನೆದಿದ್ದೇವೆ? ನೆನಪು ಇಲ್ಲದ ಉದ್ಯಮ ತನ್ನ ಪರವಾಗಿ ವಾದಿಸುವುದನ್ನೂ ಅರಿಯದು.

ನಿರ್ದೇಶಕರಾಗಿ ರಾಯರು ಆರಿಸಿಕೊಂಡ ವಸ್ತುಗಳನ್ನೂ ನೋಡಿ. ದೇಶ ಒಡೆದ 1947ರಲ್ಲಿ ಅವರು ತೆರೆಗೆ ತಂದದ್ದು 'ಮಹಾತ್ಮ ಕಬೀರ್'. ಹಿಂದೂ ಮುಸ್ಲಿಮರು ಒಬ್ಬರನ್ನೊಬ್ಬರು ಇರಿಯುತ್ತಿದ್ದ ವರ್ಷದಲ್ಲಿ ಇಬ್ಬರಿಗೂ ಸೇರಿದ ಸಂತನ ಕತೆ. ಅದಕ್ಕೆ ಎದೆಗಾರಿಕೆ ಬೇಕು. 1953ರಲ್ಲಿ ಸ್ವಂತ ಸಂಸ್ಥೆಯಿಂದ 'ಜಾತಕಫಲ', 1957ರಲ್ಲಿ 'ಪ್ರೇಮದ ಪುತ್ರಿ'. ಕನ್ನಡಕ್ಕೆ ರಾಷ್ಟ್ರಪ್ರಶಸ್ತಿಗಳು ಆಗಷ್ಟೇ ಬರತೊಡಗಿದ್ದ ಕಾಲದಲ್ಲಿ ಎರಡನೆಯದು ರಾಷ್ಟ್ರಪತಿಗಳ ಬೆಳ್ಳಿ ಪದಕ ತಂದಿತು. 1961ರಲ್ಲಿ ಮಗ ಸುದರ್ಶನ್ ಅವರನ್ನು ನಾಯಕನಾಗಿ ಪರಿಚಯಿಸಿದ 'ವಿಜಯನಗರದ ವೀರಪುತ್ರ'. 1976ರಲ್ಲಿ ಪದ್ಮಶ್ರೀ. ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು.

ಈಗ ಮುಖ್ಯ ಮಾತಿಗೆ ಬರೋಣ. 1977. ಅಂದರೆ 'ಸತಿ ಸುಲೋಚನ' ತೆರೆಗೆ ಬಂದ ಮೇಲೆ ನಲವತ್ತಮೂರು ವರ್ಷ ಅದರ ರಾವಣ ನಮ್ಮ ನಡುವೆ ಬದುಕಿದ್ದರು. ಓಡಾಡುತ್ತಿದ್ದರು, ನಟಿಸುತ್ತಿದ್ದರು, ಚಿತ್ರ ನಿರ್ದೇಶಿಸುತ್ತಿದ್ದರು, 'ಇದು ನನ್ನ ಕಥೆ' ಎಂದು ಆತ್ಮಕತೆಯನ್ನೂ ಬರೆದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಲ್ಲಿಂದಾಚೆಗೂ ಹದಿಮೂರು ವರ್ಷ ರಾಯರು ಇದ್ದರು. "ಸ್ವಾಮಿ, ಆ ಚಿತ್ರದ ಪ್ರಿಂಟು ಯಾರ ಹತ್ತಿರ ಹೋಯಿತು? ನೆಗೆಟಿವ್ ಎಲ್ಲಿತ್ತು?" ಎಂದು ಕೇಳಿ ಹುಡುಕಿಕೊಂಡು ಹೋಗಲು ಬೇಕಾದಷ್ಟು ಕಾಲವಿತ್ತು. ಉದ್ಯಮಕ್ಕೆ ಆ ಹೊತ್ತಿಗೆ ಸಂಘಗಳಿದ್ದವು, ರಾಜ್ಯದಲ್ಲಿ ಚಿತ್ರಗಳಿಗೆ ಸಹಾಯಧನ ಕೊಡುವ ವ್ಯವಸ್ಥೆ ಬಂದಿತ್ತು, ಪತ್ರಿಕೆಗಳಲ್ಲಿ ಸಿನಿಮಾ ಪುಟಗಳಿದ್ದವು. ಸಾಕ್ಷಿ ಕಣ್ಣೆದುರು ಕೂತಿದ್ದಾಗ ವಿಚಾರಣೆ ನಡೆಸಲಿಲ್ಲ. ಸಾಕ್ಷಿ ಹೋದ ಮೇಲೆ ಹಾರ ಹಾಕಿದೆವು.

ಇದಕ್ಕೆ ಒಂದು ಸಮಾಧಾನದ ಮಾತು ಚಾಲ್ತಿಯಲ್ಲಿದೆ: ಆ ಕಾಲದ ಫಿಲ್ಮು ನೈಟ್ರೇಟಿನದು, ತಾನಾಗಿ ಕೊಳೆಯುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಯಾರೇನು ಮಾಡಲಾದೀತು? ನೈಟ್ರೇಟಿನ ಗುಣ ನಿಜ. ಕಪ್ಪುಬಿಳುಪು ಫಿಲ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಓಟ ಮುಗಿದ ರೀಲುಗಳನ್ನು ತೂಕಕ್ಕೆ ಕೊಂಡು ತೊಳೆದು ಬೆಳ್ಳಿ ತೆಗೆಯುವವರಿದ್ದರು, ಉಳಿದ ಹಾಳೆ ಬಳೆಗೋ ಚೀಲಕ್ಕೋ ಹೋಗುತ್ತಿತ್ತು, ಅದೂ ನಿಜ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಕೂಡ ಉಳಿದಿಲ್ಲ. ಆದರೆ ಈ ವಾದಕ್ಕೆ ಉತ್ತರ ಕೊಲ್ಹಾಪುರದಲ್ಲಿದೆ. ನಮ್ಮಲ್ಲಿ ಆಗ ವಾಕ್ಚಿತ್ರದ ಸ್ಟುಡಿಯೋ ಇರಲಿಲ್ಲವಾದ್ದರಿಂದ 'ಸತಿ ಸುಲೋಚನ' ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ. ಅದೇ ಊರಿನಲ್ಲಿ, ಎರಡು ವರ್ಷ ಮೊದಲು, ಪ್ರಭಾತ್ ಕಂಪನಿ ಮರಾಠಿಯ ಮೊದಲ ವಾಕ್ಚಿತ್ರ 'ಅಯೋಧ್ಯೇಚಾ ರಾಜಾ' ತೆಗೆದಿತ್ತು. ರಾಯರ 1943ರ ಚಿತ್ರದಂತೆ ಅದೂ ಹರಿಶ್ಚಂದ್ರನ ಕತೆಯೇ. ಅದೇ ಬಗೆಯ ಫಿಲ್ಮು, ಅದೇ ಗಾಳಿ, ಅದೇ ಮಳೆ. 'ಅಯೋಧ್ಯೇಚಾ ರಾಜಾ' ಇವತ್ತಿಗೂ ಇದೆ. ದುರ್ಗಾ ಖೋಟೆಯವರ ತಾರಾಮತಿಯನ್ನು ಮರಾಠಿ ಮಕ್ಕಳು ನೋಡಬಹುದು. ಪ್ರಭಾತ್ ತನ್ನ ಚಿತ್ರವನ್ನು ಆಸ್ತಿ ಎಂದು ಬಗೆದಿತ್ತು. ನಮ್ಮ ಚಿತ್ರಗಳಿಗೆ ಊರೂ ಇರಲಿಲ್ಲ, ಒಡೆಯನೂ ಇರಲಿಲ್ಲ. ಕೊಲ್ಹಾಪುರ, ಸೇಲಂ, ಕೊಯಮತ್ತೂರು, ಮದರಾಸು ಎಂದು ಸ್ಟುಡಿಯೋ ಸಿಕ್ಕಲ್ಲಿ ತೆಗೆದು, ನೆಗೆಟಿವನ್ನು ಪರಸ್ಥಳದಲ್ಲೇ ಬಿಟ್ಟು ಬಂದೆವು. ಚಿತ್ರೋದ್ಯಮ ಬೆಂಗಳೂರಿಗೆ ಬಂತು, ಡಬ್ಬಿಗಳು ಬರಲಿಲ್ಲ. ಬಾಡಿಗೆ ಕಟ್ಟುವವರಿಲ್ಲದ ಡಬ್ಬಿಗೆ ಯಾವ ಗೋದಾಮೂ ಹೆಚ್ಚು ದಿನ ನೆರಳು ಕೊಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಗಾಂಧಿನಗರದ ಒಂದು ಹಳೆಯ ವಿತರಣಾ ಕಚೇರಿಯ ಹಿಂಬದಿಯ ಕೋಣೆಗೆ ನಾನು ಹೋಗಿದ್ದೆ. ಮೆಟ್ಟಿಲ ಕೆಳಗಿನ ಜಾಗ, ಒಂದು ಬಲ್ಬು, ಗೋಡೆಗೆ ಒರಗಿಸಿದ ತಗಡಿನ ಡಬ್ಬಿಗಳ ಸಾಲು. ತುಕ್ಕು ಹಿಡಿದ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಮೂಗಿಗೆ ಅಡರಿದ್ದು ವಿನೆಗರಿನ ಕಟುವಾದ ಹುಳಿ ವಾಸನೆ. ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲ್ಮು ಸಾಯುವಾಗ ಬಿಡುವ ಉಸಿರು ಅದು. ಒಳಗಿನ ಸುರುಳಿ ಬಿಚ್ಚಿಕೊಳ್ಳಲಿಲ್ಲ. ಸುತ್ತುಗಳು ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚಿನ ಹಾಗೆ ಒಂದೇ ಗಟ್ಟಿಯಾಗಿತ್ತು. ಅಂಚಿನಲ್ಲಿ ಒಂದು ಗೇಣುದ್ದ ಮಾತ್ರ ಸಡಿಲವಾಗಿತ್ತು. ಬೆಳಕಿಗೆ ಹಿಡಿದರೆ ಪೇಟ ಕಟ್ಟಿದ ಒಬ್ಬ ಮನುಷ್ಯ, ಬಾಯಿ ತೆರೆದು ಏನೋ ಹೇಳುತ್ತಿದ್ದಾನೆ. ಮುಖದ ಅರ್ಧ ಭಾಗ ಗುಳ್ಳೆಯೆದ್ದು ಹೋಗಿದೆ. ಯಾವ ಚಿತ್ರ ಎಂದು ಡಬ್ಬಿಯ ಮೇಲಿನ ಚೀಟಿ ಹೇಳಲಿಲ್ಲ, ಗೆದ್ದಲು ಅದನ್ನು ತಿಂದಿತ್ತು. ಕೋಣೆ ತೋರಿಸಲು ಬಂದ ವಯಸ್ಸಾದ ಕೆಲಸಗಾರರು, "ತೂಕಕ್ಕೂ ತಗೊಳ್ಳಲ್ಲ ಸಾರ್ ಈಗ ಇದನ್ನ. ಹೊರಗೆ ಹಾಕೋಕೆ ನಾವೇ ದುಡ್ಡು ಕೊಡಬೇಕು" ಎಂದರು. ಅವರನ್ನು ದೂರುವಂತಿಲ್ಲ. ನಲವತ್ತು ವರ್ಷ ಆ ಡಬ್ಬಿಗಳನ್ನು ಹೊತ್ತು ಬಸ್ಸಿನ ಟಾಪಿಗೆ, ರೈಲಿನ ಪಾರ್ಸೆಲ್ ಬೋಗಿಗೆ ಏರಿಸಿದವರು ಅವರೇ. ಅವುಗಳನ್ನು ಉಳಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾಗೇಂದ್ರರಾಯರ ನಟನೆಯನ್ನು ಅರಿಯಬೇಕೆನ್ನುವವರಿಗೆ ಇವತ್ತು ಸುಲಭವಾಗಿ ಸಿಗುವ ದಾರಿ ಅವರ ಕಡೆಗಾಲದ ಚಿತ್ರಗಳು. ತ್ರಿವೇಣಿಯವರ ಕಾದಂಬರಿಯಿಂದ ಎಂ.ಆರ್. ವಿಠಲ್ ನಿರ್ದೇಶಿಸಿದ 1968ರ 'ಹಣ್ಣೆಲೆ ಚಿಗುರಿದಾಗ' ನೋಡಿ. ರಾಜಕುಮಾರ್, ಕಲ್ಪನಾ ಇದ್ದ ಚಿತ್ರ. ಆದರೂ ಕತೆಯ ಬೆನ್ನೆಲುಬು ಆ ಮನೆಯ ಯಜಮಾನ ರಂಗರಾಯರು, ಸಂಪ್ರದಾಯವನ್ನು ಬಿಗಿಹಿಡಿದ ತಂದೆ. ಎಪ್ಪತ್ತೆರಡರ ನಾಗೇಂದ್ರರಾಯರು ಆ ಪಾತ್ರವನ್ನು ಕೂಗಾಡಿ ಮಾಡುವುದಿಲ್ಲ. ಕಂಪನಿ ನಾಟಕದ ಗಂಟಲನ್ನು ತಗ್ಗಿಸಿ, ಬೆನ್ನನ್ನು ನೆಟ್ಟಗಿರಿಸಿ, ಮಾತಿಗಿಂತ ಮಾತಿನ ನಡುವಿನ ನಿಲುಗಡೆಯಲ್ಲಿ ಅಧಿಕಾರ ತೋರಿಸುತ್ತಾರೆ. ಅವರ ಮೇಲೆ ಕೋಪ ಬರುತ್ತದೆ, ಆದರೂ ಅವರು ಕೆಟ್ಟವರೆನಿಸುವುದಿಲ್ಲ. ಇದು ದೊಡ್ಡ ಕಲೆ. ರಂಗದ ಭಾರಿ ದನಿಯಿಂದ ಕ್ಯಾಮೆರಾದ ಹತ್ತಿರದ ಮಾತಿಗೆ ಒಬ್ಬ ನಟ ಹೇಗೆ ಇಳಿದು ಬಂದ, ಆ ಮೂವತ್ತನಾಲ್ಕು ವರ್ಷಗಳಲ್ಲಿ ಏನು ಬಿಟ್ಟ, ಏನು ಉಳಿಸಿಕೊಂಡ ಎಂದು ತಿಳಿಯಲು ಪಯಣದ ಮೊದಲ ತುದಿ ಬೇಕು. ಆ ತುದಿಯನ್ನು ನಾವು ಕತ್ತರಿಸಿದ್ದೇವೆ. ಎಪ್ಪತ್ತೆರಡರ ಮುದುಕನ ಮುಖ ನೋಡಿ ಮೂವತ್ತೇಳರ ರಾವಣನನ್ನು ಊಹಿಸಿಕೊಳ್ಳಿ ಎಂದು ನಟನೆ ಕಲಿಯುವ ಮಕ್ಕಳಿಗೆ ಹೇಳುತ್ತಿದ್ದೇವೆ.

ಈ ನಷ್ಟ ಪೋಷಕ ನಟರಿಗೇ ಹೆಚ್ಚು ತಟ್ಟುತ್ತದೆ. ನಾಯಕನ ಚಿತ್ರ ಹೋದರೂ ಅವನ ಕತೆ ಉಳಿಯುತ್ತದೆ. ಅಭಿಮಾನಿಗಳು, ಹಾಡುಗಳು, ಹುಟ್ಟುಹಬ್ಬಗಳು ಇರುತ್ತವೆ. ಪೋಷಕ ನಟನಿಗೆ ಚಿತ್ರವೇ ಸ್ಮಾರಕ. ರೀಲು ಹೋದರೆ ಅವನೂ ಹೋದ. ನಮ್ಮ ರಾಜ್ಯದಲ್ಲಿ ಕಲಾವಿದರ ಸಮಾಧಿಗಾಗಿ ವರ್ಷಗಟ್ಟಲೆ ಹೋರಾಟ ನಡೆದಿದೆ, ಪ್ರತಿಮೆಗಾಗಿ ವೃತ್ತ ಹುಡುಕಿದ್ದೇವೆ, ರಸ್ತೆಗಳಿಗೆ ಹೆಸರಿಟ್ಟಿದ್ದೇವೆ. ಆ ಅಭಿಮಾನವನ್ನು ಈ ಪತ್ರಿಕೆ ಹಗುರಾಗಿ ಕಾಣುವುದಿಲ್ಲ. ಆದರೆ ಒಬ್ಬ ನಟ ಭೂಮಿಯ ಮೇಲೆ ಬಿಟ್ಟುಹೋದದ್ದು ಅವನ ಅಭಿನಯ. ಅದರ ಕಾವಲಿಗೆ ಒಂದು ತಣ್ಣನೆಯ ಕೋಣೆ ಬೇಕೆಂದು ಯಾವ ಮೆರವಣಿಗೆಯೂ ಹೊರಟಿಲ್ಲ.

ಉಳಿಸುವ ವಿದ್ಯೆ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ತಯಾರಾದದ್ದು 1977ರಲ್ಲಿ, ನಾಗೇಂದ್ರರಾಯರು ತೀರಿಕೊಂಡ ವರ್ಷವೇ. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಪುನರುಜ್ಜೀವಗೊಳಿಸಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ಅದು ತೆರೆ ಕಂಡಿತು. ಮಲೆನಾಡಿನ ಅಗ್ರಹಾರದ ಆ ಬಾಲವಿಧವೆಯ ಸಂಕಟವನ್ನು ಅರ್ಧ ಶತಮಾನದ ಬಳಿಕ ಇಟಲಿಯಲ್ಲಿ ಕೂತವರು ನೋಡಿದರು. ಡಬ್ಬಿಯೊಂದು ಸರಿಯಾದ ಕೋಣೆಯಲ್ಲಿ ಕೂತಿದ್ದರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೆ ಆ ಕೋಣೆ ಪುಣೆಯದು, ಮುತುವರ್ಜಿ ಮುಂಬೈಯದು. ಕನ್ನಡದ ಹೆಸರಿನಲ್ಲಿ ಮೆರೆಯುವ ಉದ್ಯಮ ತನ್ನ ಗಲ್ಲಾಪೆಟ್ಟಿಗೆಯಿಂದ ಇಂಥ ಕೆಲಸಕ್ಕೆ ಎಷ್ಟು ಎತ್ತಿಟ್ಟಿದೆ ಎಂದು ಲೆಕ್ಕ ಕೊಡಲಿ.

ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ ಸೃಜನ್ ಲೋಕೇಶ್ 'ಸತಿ ಸುಲೋಚನ'ವನ್ನು ಮತ್ತೆ ತೆರೆಗೆ ತರುವುದಾಗಿ ಕೆಲ ವರ್ಷಗಳ ಹಿಂದೆ ಪ್ರಕಟಿಸಿದರು. ತಾತನ ನೆನಪಿಗೆ ಮೊಮ್ಮಗ ಮಾಡಬಯಸಿದ ಆ ಕೆಲಸ ಗೌರವದ್ದು. ಅದರಿಂದ ಹೊಸ ಇಂದ್ರಜಿತು ಬರಬಹುದು, ಹೊಸ ರಾವಣನೂ ಬರಬಹುದು. ನಾಗೇಂದ್ರರಾಯರು ಬರುವುದಿಲ್ಲ.

ಹಳೆಯದರ ಮಾತು ಬಿಡಿ, ಈಗ ಎಲ್ಲವೂ ಡಿಜಿಟಲ್ ಎನ್ನುವವರಿಗೆ ಒಂದು ಎಚ್ಚರಿಕೆ. ನೈಟ್ರೇಟ್ ರೀಲು ಸಾಯಲು ದಶಕಗಳು ಬೇಕಾದವು. ಕಪಾಟಿನಲ್ಲಿಟ್ಟ ಹಾರ್ಡ್ ಡಿಸ್ಕ್ ಕೆಲವೇ ವರ್ಷಗಳಲ್ಲಿ ತಿರುಗುವುದನ್ನು ನಿಲ್ಲಿಸಬಲ್ಲದು, ಅದೂ ಯಾವ ವಾಸನೆಯನ್ನೂ ಬಿಡದೆ. ಚಿತ್ರಮಂದಿರಕ್ಕೆ ಕಳಿಸುವ ಪ್ರತಿಗೆ ಬೀಗವಿರುತ್ತದೆ, ಬೀಗದ ಕೈ ಅವಧಿ ಮುಗಿದರೆ ಪ್ರತಿ ಇದ್ದೂ ಇಲ್ಲ. ಹತ್ತು ಹದಿನೈದು ವರ್ಷ ಹಿಂದೆ ಬಂದು ಒಂದು ವಾರ ಓಡಿ ಹೋದ ಸಣ್ಣ ಚಿತ್ರಗಳ ನಿರ್ಮಾಪಕರನ್ನು ಕೇಳಿ ನೋಡಿ, ಮೂಲ ಪ್ರತಿ ಎಲ್ಲಿದೆ ಎಂದು. ಅವರಲ್ಲಿ ಹಲವರಿಗೆ ಉತ್ತರ ತಡವಾಗುತ್ತದೆ. ಆ ಚಿತ್ರಗಳಲ್ಲೂ ಒಬ್ಬ ಪೋಷಕ ನಟ, ನಟಿ ತಮ್ಮ ಬದುಕಿನ ಅತ್ಯುತ್ತಮ ದೃಶ್ಯ ಮಾಡಿರಬಹುದು.

ಆದ್ದರಿಂದ ಸರ್ಕಾರದಿಂದ ನಾವು ಕೇಳುವುದು ಭಾಷಣವನ್ನಲ್ಲ. ಸಹಾಯಧನ ಪಡೆಯುವ ಪ್ರತಿ ಕನ್ನಡ ಚಿತ್ರವೂ ಸಂರಕ್ಷಣೆಗೆ ತಕ್ಕ, ಬೀಗವಿಲ್ಲದ ಪ್ರತಿಯನ್ನು ರಾಜ್ಯಕ್ಕೆ ಒಪ್ಪಿಸಬೇಕು. ಒಪ್ಪಿಸಿದ ರಸೀದಿ ತೋರಿಸುವವರೆಗೆ ಹಣ ಬಿಡುಗಡೆಯಾಗಬಾರದು. ಆ ಪ್ರತಿಗಳಿಗೆ, ಮತ್ತು ಗಾಂಧಿನಗರದ ಮೆಟ್ಟಿಲ ಕೆಳಗೆ, ಚೆನ್ನೈಯ ಗೋದಾಮುಗಳಲ್ಲಿ, ಜಿಲ್ಲೆಗಳ ಮುಚ್ಚಿದ ಟಾಕೀಸುಗಳ ಪ್ರೊಜೆಕ್ಟರ್ ಕೋಣೆಗಳಲ್ಲಿ ಉಳಿದಿರುವ ರೀಲುಗಳಿಗೆ, ಉಷ್ಣತೆ ತೇವ ಎರಡನ್ನೂ ಹಿಡಿತದಲ್ಲಿಟ್ಟ ಭಂಡಾರ ಬೇಕು. ಅದಕ್ಕೆ ತರಬೇತಾದ ಸಿಬ್ಬಂದಿ ಬೇಕು, ಆಯವ್ಯಯದಲ್ಲಿ ವರ್ಷವರ್ಷ ನಿಲ್ಲದ ಒಂದು ಸಾಲು ಬೇಕು. ಚಲನಚಿತ್ರ ವಾಣಿಜ್ಯ ಮಂಡಳಿ ತನ್ನ ಸದಸ್ಯರ ಗೋದಾಮುಗಳ ಪಟ್ಟಿಯನ್ನು ಮೂರು ತಿಂಗಳಲ್ಲಿ ಕೊಡಬಲ್ಲದು, ಮನಸ್ಸಿದ್ದರೆ. ರೀಲು ಹೋದ ಕಡೆ ಉಳಿದ ಚೂರುಗಳನ್ನಾದರೂ ಹೆಕ್ಕಬೇಕು: ಟಾಕೀಸಿನ ಬಾಗಿಲಲ್ಲಿ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ, ಗ್ರಾಮಫೋನ್ ತಟ್ಟೆ, ಸ್ಥಿರಚಿತ್ರ, ಕರಪತ್ರ. ಇವು ಅಜ್ಜಂದಿರ ಟ್ರಂಕುಗಳಲ್ಲಿವೆ. ಆ ಟ್ರಂಕುಗಳನ್ನು ಮೊಮ್ಮಕ್ಕಳು ಈಗ ಗುಜರಿಗೆ ಹಾಕುತ್ತಿದ್ದಾರೆ.

ನಮ್ಮ ಪಾಲಿನ ತಪ್ಪನ್ನೂ ಬರೆದಿಡುತ್ತೇವೆ. ನಾಗೇಂದ್ರರಾಯರು ಬದುಕಿದ್ದಾಗ ಕನ್ನಡ ಪತ್ರಿಕೆಗಳು ಅವರನ್ನು ಸಂದರ್ಶಿಸಿದ್ದುಂಟು, ಪದ್ಮಶ್ರೀ ಬಂದಾಗ ಚಿತ್ರ ಹಾಕಿದ್ದುಂಟು. ಆ ರೀಲಿನ ಬೆನ್ನು ಹತ್ತಲಿಲ್ಲ. ಹುಡುಕಾಟ ವರದಿಗಾರನ ಕೆಲಸ. ಅದನ್ನು ಮಾಡದ ಮೇಲೆ ಉದ್ಯಮಕ್ಕೆ ಬೆರಳು ತೋರುವ ಹಕ್ಕು ನಮಗೆ ಅರ್ಧವೇ.

2034ರ ಮಾರ್ಚ್ 3ಕ್ಕೆ ಕನ್ನಡ ವಾಕ್ಚಿತ್ರಕ್ಕೆ ನೂರು ತುಂಬುತ್ತದೆ. ವಿಧಾನಸೌಧದ ಮುಂದೆ ವೇದಿಕೆ ಹಾಕುತ್ತಾರೆ, ದೀಪ ಹಚ್ಚುತ್ತಾರೆ. ಅಂದು ಪರದೆ ಮೇಲೆ ತೋರಿಸಲು 'ಸತಿ ಸುಲೋಚನ' ಇರುವುದಿಲ್ಲ. ಅದಕ್ಕೆ ಮೊದಲು ಭಂಡಾರದ ಬಾಗಿಲು ತೆರೆದು, ಇವತ್ತು ಹುಳಿ ವಾಸನೆ ಬಿಡುತ್ತಿರುವ ಡಬ್ಬಿಗಳಲ್ಲಿ ಕೆಲವಾದರೂ ಅಲ್ಲಿನ ಕಪಾಟು ಸೇರಿರಬೇಕು. ಆ ಪೇಟದ ಮನುಷ್ಯ ಯಾರು, ಯಾವ ಚಿತ್ರದಲ್ಲಿ ಏನು ಹೇಳುತ್ತಿದ್ದ ಎಂದು ಒಬ್ಬರು ಗುರುತಿಸಿ ಚೀಟಿ ಬರೆದಿರಬೇಕು.